ಹಸಿರು ಗುರುತು ಹಾಕಿ ನೀವು ಕಳಿಸಿದ ಟೈರ್ ನನ್ನ ಬೈಕಿಗೆ ಹೊಂದಲಿಲ್ಲ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಹೊಂದದ ಟೈರ್, ಚೈನ್ ಸೆಟ್ ಮತ್ತು ಬ್ರೇಕ್ ಶೂ ಕಳಿಸಿ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವ ಬಗ್ಗೆ

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೇ ಪತ್ರ. ಮೊದಲ ಮೂರಕ್ಕೂ ಒಂದೇ ಉತ್ತರ ಬಂತು: "ನಿಮ್ಮ ದೂರು ನಮಗೆ ತಲುಪಿದೆ." ತಲುಪಿದ ಮೇಲೆ ಏನಾಯಿತು ಅಂತ ಯಾರೂ ಹೇಳಲಿಲ್ಲ. ಐದು ಸಲ ಫೋನ್ ಮಾಡಿದೆ. ಐದು ಸಲವೂ ಬೇರೆ ಬೇರೆಯವರು ಸಿಕ್ಕರು, ಐದು ಸಲವೂ ಮೊದಲಿಂದ ಹೇಳಬೇಕಾಯಿತು. ಇನ್ನು ಫೋನ್ ಮಾಡುವುದಿಲ್ಲ. ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ.

ನನ್ನದು 100 ಸಿಸಿ ಬೈಕ್. ಸ್ಪೋಕ್ ಚಕ್ರ, ಎರಡೂ ಕಡೆ ಡ್ರಮ್ ಬ್ರೇಕ್. ಈ ಮಾಡೆಲ್ ತಯಾರಿಕೆ ನಿಂತು ಎಷ್ಟೋ ವರ್ಷವಾಗಿದೆ. ಕಂಪನಿಯ ಒರಿಜಿನಲ್ ಪಾರ್ಟ್ ಈಗ ಸಿಗುವುದು ಕಷ್ಟ. ಹಾಗಾಗಿ ಬೇರೆಯವರು ಮಾಡಿದ ಪಾರ್ಟ್‌ಗಳನ್ನೇ ಹುಡುಕಬೇಕು. ನಿಮ್ಮಲ್ಲಿಗೆ ಬಂದಿದ್ದೂ ಅದಕ್ಕೇ. ನಿಮ್ಮ ಜಾಲತಾಣದಲ್ಲಿ ಬೈಕಿನ ಹೆಸರು ಮತ್ತು ವರ್ಷ ಹಾಕಿದರೆ, ಹೊಂದುವ ಪಾರ್ಟ್‌ಗಳ ಪಕ್ಕದಲ್ಲಿ ಹಸಿರು ಗುರುತು ಬರುತ್ತದೆ. ಕೆಳಗೆ "ನಿಮ್ಮ ವಾಹನಕ್ಕೆ ಹೊಂದುತ್ತದೆ" ಅಂತ ಬರೆದಿರುತ್ತದೆ. ಹೊಂದಬಹುದು ಅಂತ ಅಲ್ಲ, ಹೊಂದುತ್ತದೆ ಅಂತ. ಆ ಒಂದು ಮಾತನ್ನು ನಂಬಿ ಹಿಂದಿನ ಟೈರ್, ಚೈನ್ ಸೆಟ್ ಮತ್ತು ಬ್ರೇಕ್ ಶೂ ಒಟ್ಟಿಗೆ ತರಿಸಿಕೊಂಡೆ.

ಮೊದಲು ಟೈರಿನ ವಿಷಯ. ನನ್ನ ಹಳೇ ಟೈರಿನ ಮೇಲೆ 3.00-17 50ಪಿ ಅಂತ ಅಚ್ಚಿದೆ. ಟೈರ್ ಮಾರುವವರಿಗೆ ಇದರ ಅರ್ಥ ಗೊತ್ತಿರಬೇಕು. ಆದರೆ ನಿಮ್ಮವರ ಜೊತೆ ಮಾತಾಡಿದ ಮೇಲೆ ಬಿಡಿಸಿ ಬರೆಯುವುದೇ ಒಳ್ಳೆಯದು ಅನಿಸಿದೆ. 3.00 ಅಂದರೆ ಟೈರಿನ ಅಗಲ, 3 ಇಂಚು, ಅಂದರೆ ಸುಮಾರು 76 ಮಿಲಿಮೀಟರ್. 17 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 50 ಅಂದರೆ ಆ ಟೈರ್ 190 ಕಿಲೋ ಭಾರ ಹೊರಬಹುದು. ಪಿ ಅಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ ತಾಳುತ್ತದೆ.

ನೀವು ಕಳಿಸಿದ್ದು 100/90-17. ಅದರ ಅಗಲ 100 ಮಿಲಿಮೀಟರ್, ಎತ್ತರ ಅದರ ಶೇಕಡಾ 90, ಅಂದರೆ 90 ಮಿಲಿಮೀಟರ್. ನನ್ನ ಟೈರಿಗಿಂತ 24 ಮಿಲಿಮೀಟರ್ ಅಗಲ. ಲೆಕ್ಕದ ಪ್ರಕಾರ ಆ ಕಡೆ 12, ಈ ಕಡೆ 12. ನನ್ನ ರಿಮ್ಮಿನ ಅಗಲ 1.60 ಇಂಚು. ಅಷ್ಟು ದಪ್ಪದ ಟೈರಿಗೆ ಅದಕ್ಕಿಂತ ಅಗಲದ ರಿಮ್ ಬೇಕು. ಕಿರಿದಾದ ರಿಮ್ಮಿಗೆ ಹಾಕಿದರೆ ಅಂಚುಗಳು ಒಳಗೆ ಎಳೆದುಕೊಂಡು ಟೈರ್ ಗುಂಡಗೆ ಉಬ್ಬುತ್ತದೆ. ನೆಲಕ್ಕೆ ತಾಗಬೇಕಾದ ಭಾಗ ಸರಿಯಾಗಿ ತಾಗುವುದಿಲ್ಲ.

ನಮ್ಮ ಮೆಕ್ಯಾನಿಕ್ ಡಬ್ಬಿಯಿಂದ ತೆಗೆದ ಕೂಡಲೇ "ಇದು ದಪ್ಪ ಆಯ್ತಲ್ಲ" ಅಂದರು. ಹಸಿರು ಗುರುತು ಇದೆಯಲ್ಲ, ಹಾಕಿ ನೋಡೋಣ ಅಂತ ನಾನೇ ಒತ್ತಾಯ ಮಾಡಿದೆ. ಅವರು ಸೋಪು ನೀರು ಹಚ್ಚಿ, ಟ್ಯೂಬ್ ಹಾಕಿ, ರಿಮ್ಮಿಗೆ ಕೂರಿಸಿದರು. ಚಕ್ರವನ್ನು ಬೈಕಿಗೆ ಸೇರಿಸಿ ಕೈಯಲ್ಲಿ ಒಂದು ಸುತ್ತು ತಿರುಗಿಸಿದರು. ಸರ್ ಸರ್ ಅಂತ ಸದ್ದು ಬಂತು. ಟೈರಿನ ಎಡಗಡೆ ಗೋಡೆ ಚೈನಿಗೆ ತಾಗುತ್ತಿತ್ತು. ಕಪ್ಪು ರಬ್ಬರಿನ ಮೇಲೆ ಚೈನಿನ ಎಣ್ಣೆಯ ಗೆರೆ ಆಗಲೇ ಬಿದ್ದಿತ್ತು. ಇನ್ನೂ ಯಾರೂ ಬೈಕ್ ಮೇಲೆ ಕೂತಿರಲಿಲ್ಲ.

ಅಲ್ಲಿಂದಲೇ ನಿಮಗೆ ಫೋನ್ ಮಾಡಿದೆ. ಕೈಯೆಲ್ಲ ಗ್ರೀಸ್ ಆಗಿತ್ತು. ಫೋನನ್ನು ಸ್ಪೀಕರಿಗೆ ಹಾಕಿ ಸ್ಟೂಲಿನ ಮೇಲಿಟ್ಟು, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ಆ ಮಾತುಕತೆ ಇದು. ಒಂದೊಂದು ಮಾತೂ ನನಗೆ ನೆನಪಿದೆ.

"ಟೈರ್ ಮೇಲೆ ಏನು ಬರ್ದಿದೆ ಓದಿ ಸರ್."

"100/90-17."

"ಹಳೇದರ ಮೇಲೆ?"

"3.00-17."

"ಎರಡರಲ್ಲೂ 17 ಇದೆ ಅಲ್ವಾ ಸರ್? ಹಾಗಾದ್ರೆ ಒಂದೇ ಸೈಜ್."

"17 ರಿಮ್ಮಿನ ಅಳತೆ. ಅಗಲ ಬೇರೆ ಇದೆ. ಟೈರ್ ಚೈನಿಗೆ ತಾಗ್ತಿದೆ."

"ಗಾಳಿ ಸ್ವಲ್ಪ ಕಮ್ಮಿ ಮಾಡಿ ನೋಡಿ."

"ಗಾಳಿ ಕಮ್ಮಿ ಮಾಡಿ ಕೂತ್ರೆ ಟೈರ್ ಇನ್ನೂ ಪಕ್ಕಕ್ಕೆ ಉಬ್ಬುತ್ತೆ."

"ಹೊಸ ಟೈರ್ ಅಲ್ವಾ ಸರ್. ಓಡಿಸ್ತಾ ಓಡಿಸ್ತಾ ಸವೆದು ಸರಿಹೋಗುತ್ತೆ."

ಈ ಮಾತನ್ನು ನೀವು ಎರಡು ಸಲ ಓದಬೇಕು ಅಂತ ನನ್ನ ಕೋರಿಕೆ. ಚೈನಿಗೆ ತಾಗುತ್ತಿದ್ದದ್ದು ನೆಲದ ಮೇಲೆ ಉರುಳುವ ದಪ್ಪ ಭಾಗವಲ್ಲ. ಪಕ್ಕದ ತೆಳು ಗೋಡೆ. ಅದು ಸವೆದರೆ ಒಳಗಿನ ನೂಲು ಹೊರಗೆ ಬರುತ್ತದೆ. ಆಮೇಲೆ ಟೈರ್ ಒಡೆಯುತ್ತದೆ. ಓಡುವ ಬೈಕಿನಲ್ಲಿ ಹಿಂದಿನ ಟೈರ್ ಒಡೆದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಸವೆದು ಸರಿಹೋಗುತ್ತೆ ಅಂತ ಹೇಳಿದವರು ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಮಾತಾಡುತ್ತಿದ್ದರು.

ದೊಡ್ಡವರನ್ನು ಕೊಡಿ ಅಂದೆ. 11 ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಸೀನಿಯರ್ ಬಂದರು. ಮತ್ತೆ ಮೊದಲಿಂದ ಹೇಳಿದೆ. ಮತ್ತೆ ಎರಡೂ ಟೈರಿನ ನಂಬರ್ ಓದಿದೆ. ಅವರು ಕೇಳಿದರು, "ಗಾಡಿ ಎಷ್ಟು ಸಿಸಿ ಅಂದ್ರಿ?"

"100."

"100 ಸಿಸಿ ಗಾಡಿಗೆ ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ ಸರ್? ದೊಡ್ಡ ಗಾಡಿಯವರೇ ಇಷ್ಟು ಕೇಳಲ್ಲ."

ನಾನು ಸುಮ್ಮನಿದ್ದೆ. ಅವರು ಮುಂದುವರಿಸಿದರು. "ನಿಮ್ಮ ಮೆಕ್ಯಾನಿಕ್‌ಗೆ ಟೈರ್ ಹಾಕೋಕೆ ಬರಲ್ಲ ಅನ್ಸುತ್ತೆ. ಬೇರೆ ಯಾರಾದ್ರೂ ಗೊತ್ತಿರೋರಿಗೆ ತೋರಿಸಿ."

ಸ್ಪೀಕರ್ ಆನ್ ಇತ್ತು. ನಮ್ಮ ಮೆಕ್ಯಾನಿಕ್ ಅಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು. ಅಂಗಡಿಯಲ್ಲಿ ಇನ್ನೂ ಇಬ್ಬರು ತಮ್ಮ ಗಾಡಿಗಾಗಿ ಕಾಯುತ್ತಿದ್ದರು. ಮೆಕ್ಯಾನಿಕ್ ಬಳಿ ಕೆಲಸ ಕಲಿಯುವ ಹುಡುಗನೂ ಇದ್ದ. ಎಲ್ಲರಿಗೂ ಕೇಳಿಸಿತು. ಮೆಕ್ಯಾನಿಕ್ ಕೈಯಲ್ಲಿದ್ದ, ಟೈರ್ ಬಿಚ್ಚುವ ಲಿವರ್ ಕೆಳಗಿಟ್ಟರು. ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಮಾತಾಡದೆ ಒಳಗೆ ಹೋಗಿ ಸ್ಟೀಲ್ ಸ್ಕೇಲ್ ತಂದರು. ಅದನ್ನು ಟೈರಿಗೆ ಹಿಡಿದು, "ಫೋಟೋ ತಗೊಳ್ಳಿ, ಆಮೇಲೆ ಬಿಚ್ತೀನಿ" ಅಂದರು. ನನಗೆ ತಲೆ ಎತ್ತಿ ಅವರ ಮುಖ ನೋಡಲು ಆಗಲಿಲ್ಲ. ಆ ಟೈರ್ ಹೊಂದುವುದಿಲ್ಲ ಅಂತ ಮೊದಲು ಹೇಳಿದವರೇ ಅವರು. ಅವರ ಮಾತು ಬಿಟ್ಟು ನಿಮ್ಮ ಮಾತು ನಂಬಿದವನು ನಾನು.

ಮೂರನೇ ದಿನವೇ ವಾಪಸ್ ಅರ್ಜಿ ಹಾಕಿದೆ. ಟೈರ್ ತೆಗೆದುಕೊಳ್ಳಲು ಬಂದವರು ಅಂಚಿನಲ್ಲಿ ಲಿವರ್ ಗುರುತು ನೋಡಿ, "ಬಳಸಿದ್ದೀರಿ, ತಗೊಳ್ಳೋಕಾಗಲ್ಲ" ಅಂತ ಹೋದರು. ನಿಮ್ಮದೇ ನಿಯಮ ನಿಮಗೆ ನೆನಪಿರಲಿ. ಹಸಿರು ಗುರುತಿರುವ ಪಾರ್ಟ್ ಹೊಂದದಿದ್ದರೆ, ಹಾಕಿ ನೋಡಿದ್ದರೂ ಸಹ, 15 ದಿನದೊಳಗೆ ವಾಪಸ್ ಪಡೆಯುತ್ತೇವೆ ಅಂತ ನೀವೇ ಬರೆದಿದ್ದೀರಿ. ಹಾಕಿ ನೋಡದೆ ಹೊಂದುವುದಿಲ್ಲ ಅಂತ ಗೊತ್ತಾಗುವುದು ಹೇಗೆ? ಆ ನಿಯಮ ಬರೆದವರಿಗೆ ಇದು ಅರ್ಥವಾಗಿತ್ತು. ಅದನ್ನು ಪಾಲಿಸಬೇಕಾದವರಿಗೆ ಯಾರೂ ಹೇಳಿಲ್ಲ.

ಚೈನ್ ಸೆಟ್ ವಿಷಯ ಇದಕ್ಕಿಂತ ಅಪಾಯದ್ದು. ಟೈರ್ ತಪ್ಪಾಗಿದ್ದು ಕಣ್ಣಿಗೆ ಕಂಡಿತು. ಇದು ಕಾಣುವಂಥದ್ದಲ್ಲ. ಒಂದೇ ಡಬ್ಬಿಯಲ್ಲಿ ಬಂದ ಚೈನಿನ ಕೊಂಡಿಯ ಮೇಲೆ 428 ಅಂತ ಇದೆ, ಹಿಂದಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರದ ಮೇಲೆ 420 ಅಂತ ಇದೆ. ಇವು ಚೈನಿನ ಸೈಜಿನ ನಂಬರ್. ಎರಡರಲ್ಲೂ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 12.7 ಮಿಲಿಮೀಟರ್. ಹಾಗಾಗಿ ಚೈನ್ ಹಲ್ಲುಗಳ ಮೇಲೆ ಸಲೀಸಾಗಿ ಕೂರುತ್ತದೆ. ಆದರೆ 428ರ ಒಳ ಅಗಲ 7.94 ಮಿಲಿಮೀಟರ್, 420ರದ್ದು 6.35. ತೆಳು ಹಲ್ಲಿನ ಮೇಲೆ ಅಗಲದ ಚೈನ್ ಕೂತರೆ ಪಕ್ಕಕ್ಕೆ ಆಡುತ್ತದೆ. ನಾನು ಸ್ಪ್ರಾಕೆಟನ್ನು ತೊಡೆಯ ಮೇಲಿಟ್ಟು, ಚೈನ್ ಸುತ್ತಿ, ಹೆಬ್ಬೆರಳಲ್ಲಿ ತಳ್ಳಿ ನೋಡಿದೆ. ಕಟಕಟ ಅಂತ ಎಡಕ್ಕೂ ಬಲಕ್ಕೂ ಅಲುಗಾಡಿತು. ಇದನ್ನು ಗಮನಿಸದೆ ಹಾಕಿಸಿಕೊಂಡಿದ್ದರೆ ಹಲ್ಲುಗಳು ಬೇಗ ಸವೆದು, ಒಂದು ದಿನ ಚೈನ್ ಕಳಚುತ್ತಿತ್ತು. ಕಳಚಿದ ಚೈನ್ ಸ್ಪ್ರಾಕೆಟಿಗೂ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೂ ನಡುವೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ. ನನ್ನ ಬೈಕಿನ ಹಿಂದಿನ ಸೀಟಿನಲ್ಲಿ ನನ್ನ ಮಗಳು ಕೂರುತ್ತಾಳೆ.

ಬ್ರೇಕ್ ಶೂ ಡ್ರಮ್ಮಿನ ಒಳಗೆ ಕೂರಬೇಕು. ನೀವು ಕಳಿಸಿದ್ದು 130 ಮಿಲಿಮೀಟರಿನ ಡ್ರಮ್ಮಿನದ್ದು. ನನ್ನ ಡ್ರಮ್ 110. ಒಳಗೇ ಹೋಗಲಿಲ್ಲ.

ಹೀಗೆ ಯಾಕಾಗುತ್ತಿದೆ ಅಂತ ನಾನೇ ಕೂತು ಹುಡುಕಿದೆ. ಒಂದೇ ಹೆಸರಿನ ಬೈಕ್ ಸ್ಪೋಕ್ ಚಕ್ರದಲ್ಲೂ ಬರುತ್ತದೆ, ಅಲಾಯ್ ಚಕ್ರದಲ್ಲೂ ಬರುತ್ತದೆ. ಒಂದರಲ್ಲಿ ಸಣ್ಣ ಡ್ರಮ್, ಇನ್ನೊಂದರಲ್ಲಿ ದೊಡ್ಡ ಡ್ರಮ್ ಇಲ್ಲವೇ ಡಿಸ್ಕ್. ಒಂದೇ ವರ್ಷದಲ್ಲಿ ಎರಡೂ ಮಾರಾಟವಾಗಿರಬಹುದು. ನೀವು ಕೇಳುವುದು ಹೆಸರು ಮತ್ತು ವರ್ಷ ಮಾತ್ರ. ಹಳೇ ಟೈರಿನ ಮೇಲಿನ ನಂಬರ್ ಕೇಳುವುದಿಲ್ಲ. ಚೈನಿನ ನಂಬರ್, ಸ್ಪ್ರಾಕೆಟಿನ ಹಲ್ಲುಗಳ ಲೆಕ್ಕ, ಡ್ರಮ್ಮಿನ ಅಳತೆ, ಯಾವುದನ್ನೂ ಕೇಳುವುದಿಲ್ಲ. ಇದನ್ನು ಮೊದಲ ಪತ್ರದಲ್ಲೇ ಬರೆದಿದ್ದೆ. ಸಿಟ್ಟಿನಿಂದ ಅಲ್ಲ, ನಿಮಗೆ ಉಪಯೋಗವಾಗಲಿ ಅಂತ. ಈ ಪತ್ರ ಬರೆಯುವ ಮುಂಚೆ ಮತ್ತೆ ನೋಡಿದೆ. ಅದೇ ಟೈರಿನ ಪಕ್ಕದಲ್ಲಿ ಅದೇ ಹಸಿರು ಗುರುತು ಇನ್ನೂ ಇದೆ. ನಾನು ಸ್ಕೇಲ್ ಇಟ್ಟು ಫೋಟೋ ಕಳಿಸಿದ ಮೇಲೂ ಇದೆ. ಇವತ್ತು ಬೆಳಿಗ್ಗೆ ಅದನ್ನು ನೋಡಿದಾಗಲೇ ನನ್ನ ತಾಳ್ಮೆ ಮುಗಿಯಿತು.

ಮೂರೂ ಪಾರ್ಟ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ಆ ಮೂರು ಹಸಿರು ಗುರುತು ತೆಗೆಯಿರಿ. ನಿಮ್ಮ ಸೀನಿಯರ್ ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿ ಕ್ಷಮೆ ಕೇಳಲಿ. ಹಣ ತಡವಾದರೂ ಕಾಯುತ್ತೇನೆ. ಆ ಕ್ಷಮೆ ಇಲ್ಲದೆ ಈ ದೂರನ್ನು ನಾನು ಬಿಡುವುದಿಲ್ಲ.

ನಿಮಗೆ 7 ದಿನ ಸಮಯ ಕೊಡುತ್ತಿದ್ದೇನೆ. ನಿಮ್ಮ ಕರೆಗಳನ್ನು ನೀವು ರೆಕಾರ್ಡ್ ಮಾಡುತ್ತೀರಿ ಅಂತ ಪ್ರತಿ ಸಲ ಫೋನಿನಲ್ಲಿ ಹೇಳುತ್ತೀರಿ. ಆ ರೆಕಾರ್ಡಿಂಗ್ ಅಳಿಸಬೇಡಿ. 8ನೇ ದಿನ ನಾನು ಗ್ರಾಹಕ ನ್ಯಾಯಾಲಯದಲ್ಲಿ ದೂರು ಕೊಡುತ್ತೇನೆ, "ಸವೆದು ಸರಿಹೋಗುತ್ತೆ" ಅನ್ನುವ ಮಾತನ್ನು ಅಲ್ಲಿ ಎಲ್ಲರ ಮುಂದೆ ಹಾಕಿಸಿ ಕೇಳಿಸುತ್ತೇನೆ. ಫೋಟೋಗಳು, ಬಿಲ್ಲು, ನಿಮ್ಮ ನಿಯಮದ ಪ್ರತಿ ಎಲ್ಲವೂ ನನ್ನ ಹತ್ತಿರ ಇವೆ. ಎಣ್ಣೆಯ ಗೆರೆ ಬಿದ್ದ ಆ ಟೈರನ್ನು ಒರೆಸದೆ ಹಾಗೇ ಇಟ್ಟಿದ್ದೇನೆ. ಅದನ್ನೂ ತರುತ್ತೇನೆ. ಸಾಕ್ಷಿ ಹೇಳಲು ನಮ್ಮ ಮೆಕ್ಯಾನಿಕ್ ಬರುತ್ತಾರೆ. ಒಂದು ದಿನ ಅಂಗಡಿ ಮುಚ್ಚಬೇಕಾದರೂ ಸರಿ ಅಂದಿದ್ದಾರೆ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಟೈರ್, ಚೈನ್ ಮತ್ತು ಬ್ರೇಕ್ ಶೂ ಫೋಟೋಗಳು, ಬಿಲ್ಲಿನ ಪ್ರತಿ, ಹಿಂದಿನ ಮೂರು ಪತ್ರಗಳು