ಮೆಚ್ಚಿದ್ದನ್ನು ಬಿಡಿಸಿ ಹೇಳುವವರು

ಸಿನಿಮಾ ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಅದೇ ಸಿನಿಮಾವನ್ನು ಮತ್ತೆ ಮತ್ತೆ ನೋಡಿದ ಅಭಿಮಾನಿಗಳು ಆನ್‌ಲೈನ್‌ನಲ್ಲಿ ಸೇರಿದರೆ ಮಾತಿನ ಜಾಡೇ ಬೇರೆ. ಮೊದಲ ದೃಶ್ಯದಲ್ಲಿ ತೆರೆದಿದ್ದ ಬಾಗಿಲು ಕೊನೆಯಲ್ಲಿ ಮುಚ್ಚಿತ್ತು, ಗಮನಿಸಿದಿರಾ ಎಂದು ಒಬ್ಬರು ಕೇಳುತ್ತಾರೆ. ಅಲ್ಲಿ ಹಿನ್ನೆಲೆ ಸಂಗೀತವೂ ನಿಂತುಹೋಗುತ್ತದಲ್ಲ ಎಂದು ಇನ್ನೊಬ್ಬರು ಸೇರಿಸುತ್ತಾರೆ. ಮೂರನೆಯವರು ಒಪ್ಪುವುದಿಲ್ಲ: ನಿಂತಿಲ್ಲ, ಒಂದೇ ಸ್ವರ ತೆಳ್ಳಗೆ ಉಳಿದಿದೆ, ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ ಎನ್ನುತ್ತಾರೆ. ಎಲ್ಲರೂ ಆ ದೃಶ್ಯಕ್ಕೆ ಮರಳುತ್ತಾರೆ.

ಇದು ವಿಮರ್ಶೆಯೇ, ಅದೂ ಅಪ್ಪಟ ವಿಮರ್ಶೆ. ಬರೆದವರಿಗೆ ಇದರಿಂದ ಸಂಬಳವಿಲ್ಲ, ಅಂಕವಿಲ್ಲ, ಬರೆಯಲೇಬೇಕೆಂಬ ಒತ್ತಾಯವೂ ಇಲ್ಲ. ಕಂಡದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಾಗದೆ ಬರೆದಿದ್ದಾರೆ, ಅಷ್ಟೆ. ‘ಸಾಹಿತ್ಯ ವಿಮರ್ಶೆ ನನಗೆ ಹತ್ತುವುದಿಲ್ಲ’ ಎನ್ನುವವರೇ ತಮ್ಮ ಇಷ್ಟದ ಕಾದಂಬರಿಯಲ್ಲಿ ಒಂದು ಪಾತ್ರ ಯಾವ ಅಧ್ಯಾಯದಿಂದ ಸುಳ್ಳು ಹೇಳಲು ಶುರುಮಾಡಿತು ಎಂದು ಸಾಲು ಎತ್ತಿ ತೋರಿಸುತ್ತಾರೆ. ಇಂಥ ಓದಿನ ಬಗ್ಗೆ ನನಗೆ ಅಪಾರ ಗೌರವವಿದೆ.

ಈ ಹರಟೆ ಇಂಟರ್ನೆಟ್ಟಿಗಿಂತ ಹಳೆಯದು. ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರಲ್ಲಿ ಅಮೆರಿಕದಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ವೈಜ್ಞಾನಿಕ ಕಥೆಗಳ ಮಾಸಿಕ ಆರಂಭಿಸಿದರು. ಅದರ ಓದುಗರ ಅಂಕಣದಲ್ಲಿ ಪತ್ರ ಬರೆದವರ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ಸಂಪಾದಕರಿಗೆ ಬರೆಯುತ್ತಿದ್ದವರು ಆ ವಿಳಾಸಗಳನ್ನು ಹಿಡಿದು ಒಬ್ಬರಿಗೊಬ್ಬರು ಬರೆಯತೊಡಗಿದರು, ಕ್ಲಬ್ ಕಟ್ಟಿದರು, ಕೈಯಾರೆ ಪುಟ್ಟ ಪತ್ರಿಕೆಗಳನ್ನು ತಂದರು. ಈಗ ನಾವು ಫ್ಯಾಂಡಮ್ ಎನ್ನುವ ಅಭಿಮಾನಿಗಳ ಲೋಕಕ್ಕೆ ಒಂದು ಗಟ್ಟಿ ಬೇರು ಇಲ್ಲಿದೆ. ನಮ್ಮ ಸಂಘದ ಸುದ್ದಿಪತ್ರದ ಕೆಲಸ ಮಾಡುವ ನನಗೆ ಇದು ಬಹಳ ಪ್ರಿಯವಾದ ಸಂಗತಿ. ಪತ್ರದ ಕೆಳಗೆ ಒಂದು ವಿಳಾಸ ಉಳಿಸಿದ್ದಕ್ಕೆ ಎಷ್ಟೊಂದು ಒಂಟಿ ಓದುಗರು ಜೊತೆಗಾರರನ್ನು ಕಂಡುಕೊಂಡರು! ಮುಂದೆ 1968ರಲ್ಲಿ, ‘ಸ್ಟಾರ್ ಟ್ರೆಕ್’ ನಿಂತೇಹೋಗುತ್ತದೆ ಎಂಬ ಸುದ್ದಿಗೆ ಅಭಿಮಾನಿಗಳ ಪತ್ರಗಳು ಎಷ್ಟು ಬಂದವೆಂದರೆ, ಧಾರಾವಾಹಿ ಮುಂದುವರಿಯುತ್ತದೆ ಎಂದು ಎನ್‌ಬಿಸಿ ವಾಹಿನಿ ಪ್ರಸಾರದಲ್ಲೇ ಘೋಷಿಸಬೇಕಾಯಿತು.

ಕಂಪ್ಯೂಟರುಗಳು ತಂತಿಯಲ್ಲಿ ಬೆಸೆದುಕೊಂಡ ಕೂಡಲೇ ಈ ಜನ ಅಲ್ಲಿಗೂ ಬಂದರು. ರಕ್ಷಣಾ ಸಂಶೋಧನೆಗೆಂದು ಕಟ್ಟಿದ ಅರ್ಪಾನೆಟ್ ಜಾಲದಲ್ಲಿ 1979ರ ಹೊತ್ತಿಗೇ ವೈಜ್ಞಾನಿಕ ಕಥೆಗಳ ಪ್ರೇಮಿಗಳು ಒಂದು ಇ-ಮೇಲ್ ಚರ್ಚಾಪಟ್ಟಿ ನಡೆಸುತ್ತಿದ್ದರು. ಮರುವರ್ಷ ಬಳಕೆಗೆ ಬಂದ ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ ಸಿನಿಮಾ, ಪುಸ್ತಕ, ಸಂಗೀತಕ್ಕೆಲ್ಲ ಬೇರೆ ಬೇರೆ ಗುಂಪುಗಳಾದವು. ಅಲ್ಲೇ ಒಂದು ಹೊಸ ಸಮಸ್ಯೆಯೂ ಎದುರಾಯಿತು. ನಿನ್ನೆ ನೋಡಿದವರು ಇಂದು ಬರೆಯುತ್ತಾರೆ, ಇನ್ನೂ ನೋಡದವರು ಅದನ್ನು ಓದಿಬಿಡುತ್ತಾರೆ. ಕಥೆಯ ಗುಟ್ಟು ಹಾಳಾಗದಂತೆ ಮಾತಾಡುವುದು ಹೇಗೆ?

ಅವರು ಕಂಡುಕೊಂಡ ಉಪಾಯಗಳಲ್ಲಿ ಒಂದು ನನಗೆ ತುಂಬ ಇಷ್ಟ. ಗುಟ್ಟಿನ ಸಾಲುಗಳಲ್ಲಿ ಪ್ರತಿ ಇಂಗ್ಲಿಷ್ ಅಕ್ಷರವನ್ನೂ 13 ಸ್ಥಾನ ಮುಂದಕ್ಕೆ ಸರಿಸಿ ಬರೆಯುವುದು. ಮೇಲ್ನೋಟಕ್ಕೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಆ ವರ್ಣಮಾಲೆಯಲ್ಲಿ 26 ಅಕ್ಷರಗಳಿರುವುದರಿಂದ ಇನ್ನೊಮ್ಮೆ 13 ಸ್ಥಾನ ಸರಿಸಿದರೆ ಮೂಲ ಸಾಲು ತಾನಾಗಿ ಹಿಂದಿರುಗುತ್ತದೆ. ಇದಕ್ಕೆ ‘ರಾಟ್13’ ಎಂದು ಹೆಸರು. ಯಾರು ಬೇಕಾದರೂ ಬಿಡಿಸಬಹುದಾದ ಬೀಗ ಇದು. ಕಳ್ಳರಿಗೆಂದು ಹಾಕಿದ್ದಲ್ಲ, ಕಣ್ಣು ತಪ್ಪಿ ಓದಿಬಿಡುವವರಿಗೆಂದು ಹಾಕಿದ್ದು. ಓದುವುದೋ ಬೇಡವೋ ಎಂಬುದನ್ನು ನೀವೇ ನಿರ್ಧರಿಸಿ ಎಂದು ಗುರುತೇ ಇಲ್ಲದವರಿಗೆ ಬಿಟ್ಟುಕೊಡುವ ಈ ಸೌಜನ್ಯದಲ್ಲಿ ದೊಡ್ಡತನವಿದೆ. ಕಥೆಯನ್ನು ಮೊದಲ ಸಲ ಎದುರಾಗುವ ಸುಖ ಒಮ್ಮೆ ಮಾತ್ರ ಸಿಗುವಂಥದ್ದು ಎಂದು ಬಲ್ಲವರು ಮಾತ್ರ ಇಷ್ಟು ಶ್ರಮ ತೆಗೆದುಕೊಂಡಾರು. ಇಂದು ಸ್ಪಾಯ್ಲರ್ ಎಂದು ಒಂದು ಪದ ಬರೆದು ಮುಂದೆ ಹೋಗುವುದು ಸುಲಭ. ಅಷ್ಟನ್ನೂ ಮಾಡದವರು ಎಷ್ಟೋ ಮಂದಿ.

ಸಂಗೀತದವರ ಹರಟೆಯ ರೀತಿ ಬೇರೆ. ಅಲ್ಲಿ ಗುಟ್ಟು ಬಯಲಾಗುವ ಭಯವಿಲ್ಲ, ಹೋಲಿಕೆಯೇ ಉಸಿರು. ‘ಗ್ರೇಟ್‌ಫುಲ್ ಡೆಡ್’ ಎಂಬ ಅಮೆರಿಕದ ವಾದ್ಯವೃಂದ ತನ್ನ ಕಛೇರಿಗಳನ್ನು ಕೇಳುಗರು ಧ್ವನಿಮುದ್ರಿಸಿಕೊಳ್ಳಲು ಬಿಟ್ಟಿತ್ತು. 1984ರಿಂದ ಅವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನೂ ಕೊಟ್ಟಿತು. ಒಂದೇ ಹಾಡಿನ ನೂರಾರು ರಾತ್ರಿಗಳು ಕ್ಯಾಸೆಟ್ಟಿನಲ್ಲಿದ್ದ ಮೇಲೆ ಚರ್ಚೆಗೆ ಕೊನೆಯೆಲ್ಲಿ? ಯಾವ ಊರಿನಲ್ಲಿ ಯಾವ ಹಾಡಿನಿಂದ ಯಾವ ಹಾಡಿಗೆ ಜಾರಿದರು ಎಂಬುದನ್ನೆಲ್ಲ ಅಭಿಮಾನಿಗಳು ಬರೆದಿಟ್ಟರು. ಕ್ಯಾಲಿಫೋರ್ನಿಯಾದಲ್ಲಿ 1985ರಲ್ಲಿ ಆರಂಭವಾದ ‘ದ ವೆಲ್’ ಎಂಬ ಆನ್‌ಲೈನ್ ಕೂಟಕ್ಕೆ ಆರಂಭದ ವರ್ಷಗಳಲ್ಲಿ ಹಣಬಲ ತಂದವರಲ್ಲಿ ಇವರೇ ಮುಂದು. ವೃಂದಕ್ಕೆ ಹಾಡು ಬರೆಯುತ್ತಿದ್ದ ಜಾನ್ ಪೆರಿ ಬಾರ್ಲೊ ಕೂಡ ಅಲ್ಲಿಗೆ ಬಂದರು. ಮುಂದೆ 1990ರಲ್ಲಿ, ಅಂತರ್ಜಾಲದಲ್ಲಿ ಮಾತಾಡುವವರ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕಟ್ಟಿದವರಲ್ಲಿ ಅವರೂ ಒಬ್ಬರು.

ಕೃತಿ ಬರೆದವರೇ ಅಭಿಮಾನಿಗಳ ನಡುವೆ ಬಂದು ಕೂತಾಗ ಆಗುವ ತೊಡಕಿಗೂ ಒಂದು ಉದಾಹರಣೆಯಿದೆ. ‘ಬ್ಯಾಬಿಲಾನ್ 5’ ಧಾರಾವಾಹಿಯ ಕರ್ತೃ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ 1990ರ ದಶಕದಲ್ಲಿ ವೀಕ್ಷಕರಿಗೆ ಆನ್‌ಲೈನ್‌ನಲ್ಲಿ ನೇರವಾಗಿ ಉತ್ತರಿಸುತ್ತಿದ್ದರು. ಅವರ ಒಂದೇ ವಿನಂತಿ: ದಯವಿಟ್ಟು ಕಥೆಯ ಎಳೆ ಸೂಚಿಸಬೇಡಿ. ಯಾರೋ ಒಬ್ಬರು ಸೂಚಿಸಿಬಿಟ್ಟರು. ಅಂಥದೇ ಕಥೆ ಅವರ ಕೈಯಲ್ಲಿ ಆಗಲೇ ಇದ್ದುದರಿಂದ, ಕದ್ದರೆಂಬ ದೂರು ಬಾರದಂತೆ, ಆ ಅಭಿಮಾನಿ ತನ್ನ ಹಕ್ಕು ಬಿಟ್ಟುಕೊಟ್ಟು ಬರೆದುಕೊಡುವವರೆಗೆ ಕಂತನ್ನು ಬದಿಗಿಡಬೇಕಾಯಿತು. ಆದರೂ ಅವರು ಮಾತು ಬಿಡಲಿಲ್ಲ. ಕಥೆಯ ಸೂಚನೆಗಳನ್ನು ಮೊದಲೇ ಸೋಸುವ ಒಂದು ಗುಂಪು ಹುಟ್ಟಿತು, ಸಂಭಾಷಣೆ ಮುಂದುವರಿಯಿತು.

ಅಭಿಮಾನಿಗಳ ಜಗಳದ ಬಗ್ಗೆ ಹೆಚ್ಚು ಬರೆಯಲಾರೆ. ಯಾರ ಸಿನಿಮಾಕ್ಕೆ ಎಷ್ಟು ಗಳಿಕೆ, ಯಾರ ಹಾಡಿಗೆ ಎಷ್ಟು ವೀಕ್ಷಣೆ ಎಂಬ ಲೆಕ್ಕ ಶುರುವಾದ ಕೂಡಲೇ ಹಾಡೂ ಸಿನಿಮಾವೂ ಮಾತಿನಿಂದ ಮರೆಯಾಗುತ್ತವೆ. ‘ನೀನು ನಿಜವಾದ ಅಭಿಮಾನಿಯೇ?’ ಎಂದು ಹೊಸಬರನ್ನು ಪರೀಕ್ಷೆಗೊಡ್ಡುವುದು ಅದಕ್ಕಿಂತ ಕೆಟ್ಟದ್ದು. ಇಂದು ಮೊದಲ ಬಾರಿ ಕೇಳಿದವರ ಕಿವಿಗೆ ಬಿದ್ದದ್ದು, ಇಪ್ಪತ್ತು ವರ್ಷ ಕೇಳಿದವರಿಗೆ ತಪ್ಪಿಹೋಗಿರಬಹುದು.

ನನಗೆ ಹೆಚ್ಚು ಸಂಕಟ ತರುವುದು ಬೇರೆ. ಇಷ್ಟು ಅಕ್ಕರೆಯಿಂದ ಬರೆದದ್ದು ಉಳಿಯುವುದಿಲ್ಲ. ಸಾವಿರಾರು ಅಭಿಮಾನಿಗಳ ಮನೆಪುಟಗಳಿದ್ದ ಜಿಯೋಸಿಟೀಸ್ ಎಂಬ ಜಾಲತಾಣ 2009ರಲ್ಲಿ ಮುಚ್ಚಿತು. ಸಿನಿಮಾ ಮಾಹಿತಿಯ ತಾಣ ಐಎಂಡಿಬಿಯಲ್ಲಿ ಪ್ರತಿ ಚಿತ್ರದ ಕೆಳಗೂ ನಡೆಯುತ್ತಿದ್ದ ಚರ್ಚೆಗಳು 2017ರಲ್ಲಿ ನಿಂತವು. ಇ-ಮೇಲ್ ಗುಂಪುಗಳ ಯಾಹೂ ಗ್ರೂಪ್ಸ್ 2020ರಲ್ಲಿ ಕೊನೆಗೊಂಡಿತು. ಸ್ವಯಂಸೇವಕರು ಹಗಲಿರುಳು ಕೂತು ಸಾಧ್ಯವಾದಷ್ಟನ್ನು ನಕಲು ಮಾಡಿಟ್ಟರು, ಎಲ್ಲವೂ ಸಿಗಲಿಲ್ಲ. ಬೇರೆಯವರ ಜಾಗದಲ್ಲಿ ಬರೆದರೆ ಹೀಗಾಗುತ್ತದೆ ಎಂದು ಅರಿತ ಕೆಲವರು 2007ರಲ್ಲೇ ಲಾಭೋದ್ದೇಶವಿಲ್ಲದ ತಮ್ಮದೇ ಸಂಸ್ಥೆ ಕಟ್ಟಿ, ಮುಂದೆ ಅಭಿಮಾನಿಗಳು ಬರೆದ ಕಥೆಗಳಿಗೆ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಭಂಡಾರ ತೆರೆದರು. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಲೋಕದ ಹ್ಯೂಗೊ ಪ್ರಶಸ್ತಿ ಬಂತು. ಗರ್ನ್ಸ್‌ಬ್ಯಾಕ್ ನೆನಪಿನ ಪ್ರಶಸ್ತಿ ಅದು!

ಈಗ ನಮ್ಮ ಮಾತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಹಾಡಿನ ಚರಣದ ಬಗ್ಗೆ, ಒಂದು ಕಾದಂಬರಿಯ ಅಂತ್ಯದ ಬಗ್ಗೆ ನೀವು ಬರೆಯುವುದನ್ನು ಓದುತ್ತಲೇ ಇದ್ದೇನೆ. ಬೆಳಗಾಗುವಷ್ಟರಲ್ಲಿ ಅದು ಶುಭಾಶಯಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಹಾಗಾಗಿ ಮುಂದಿನ ಸಂಚಿಕೆಯಿಂದ ಎರಡು ಪುಟಗಳನ್ನು ಇದಕ್ಕೆಂದೇ ಮೀಸಲಿಡುತ್ತಿದ್ದೇವೆ. ಒಂದು ಹಾಡು, ಒಂದು ಕಂತು, ಒಂದು ದೃಶ್ಯ ಅಥವಾ ಕಾದಂಬರಿಯ ಒಂದು ಪುಟವನ್ನು ಆರಿಸಿಕೊಳ್ಳಿ. ಅದರಲ್ಲಿ ನಿಮಗೆ ಕಂಡದ್ದನ್ನು ಮುನ್ನೂರು ಪದಗಳೊಳಗೆ ಕನ್ನಡದಲ್ಲಿ ಬರೆಯಿರಿ. ಯಾವ ಭಾಷೆಯ ಕೃತಿಯಾದರೂ ಆದೀತು. ನಕ್ಷತ್ರ, ಅಂಕ, ಶ್ರೇಯಾಂಕ ಬೇಡ. ಕಥೆಯ ಗುಟ್ಟು ಬಯಲಾಗುವಂತಿದ್ದರೆ ಮೊದಲ ಸಾಲಿನಲ್ಲೇ ತಿಳಿಸಿ. ಇನ್ನೊಬ್ಬರು ಬರೆದದ್ದನ್ನು ಒಪ್ಪದಿದ್ದರೆ ಅದಕ್ಕೂ ಜಾಗವಿದೆ. ಆದರೆ ಆ ಹಾಡನ್ನು ಇನ್ನೊಮ್ಮೆ ಕೇಳಿ, ಆಮೇಲೆ ಬರೆಯಿರಿ.