ಮಗಳಿಗೆ, ಅಪ್ಪನ ವಿಷ್ಯ

ಹಾಸನ, ಆಗಸ್ಟ್ 2025

ಪುಟ್ಟಿ,

ಫೋನಲ್ಲಿ ಹೇಳೋಣ ಅಂದ್ರೆ ಅಪ್ಪ ಪಕ್ಕದಲ್ಲೇ ಕೂತಿರ್ತಾರೆ, ಅದಕ್ಕೆ ಬರೀತಿದೀನಿ. ಹಾರ್ಟ್ ಅಟ್ಯಾಕ್ ಆದಾಗ ಅವರ ರಕ್ತನಾಳಕ್ಕೆ ಹಾಕಿದ ಸ್ಟೆಂಟ್ ಚೆನ್ನಾಗಿ ಕೂತಿದೆ, ಎಕೋ ಅಂತ ಹೃದಯದ ಸ್ಕ್ಯಾನ್ ನೋಡಿ ಡಾಕ್ಟ್ರು ಪಂಪಿಂಗ್ ಪರವಾಗಿಲ್ಲ ಅಂದ್ರು. ಆದ್ರೆ ಮನುಷ್ಯ ಮೊದಲಿನ ಹಾಗಿಲ್ಲ ಕಣೆ.

ನಾನು ಮಲಗಿದೀನಿ ಅಂದ್ಕೊಂಡು ರಾತ್ರಿ ಕಂಬಳಿ ಒಳಗೆ ಮಣಿಕಟ್ಟು ಹಿಡ್ಕೊಂಡು ನಾಡಿ ಎಣಿಸ್ತಾರೆ. ಎದೆನೋವು ಬಂದ್ರೆ ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್ ಮಾತ್ರೆ ಅಂಗಿ ಜೇಬಲ್ಲಿ ಇಲ್ದೆ ಗೇಟ್ ದಾಟಲ್ಲ, ಬಚ್ಚಲಮನೆ ಚಿಲಕ ಹಾಕಲ್ಲ, ಈ ಸಲ ಆಲೂಗೆಡ್ಡೆ ಬಿತ್ತನೆಗೂ ಹೊಲದ ಕಡೆ ತಲೆ ಹಾಕ್ಲಿಲ್ಲ. ಅದ್ರ ಮೇಲೆ ಜೂನಲ್ಲಿ ನಮ್ಮ ಹಾಸನದ್ದೇ ಸುದ್ದಿ, ಟಿವಿ ಹಾಕಿದ್ರೆ ಬೆಳಗ್ಗೆಯಿಂದ ಹಾರ್ಟ್ ಅಟ್ಯಾಕ್ ಹಾರ್ಟ್ ಅಟ್ಯಾಕ್ ಅಂತ, ಜನ ಮೈಸೂರು ಜಯದೇವ ಹೃದಯದ ಆಸ್ಪತ್ರೆ ಮುಂದೆ ಕ್ಯೂ ನಿಂತ್ರು, ಆಮೇಲೆ ಸರ್ಕಾರದ ಕಮಿಟಿ ನೋಡಿ ಸಾವು ಹಾಗೇನೂ ವಿಪರೀತ ಹೆಚ್ಚಾಗಿಲ್ಲ ಅಂತು, ಅಷ್ಟೊತ್ತಿಗೆ ಇವರ ಮನಸ್ಸಲ್ಲಿ ಭಯ ಬೇರು ಬಿಟ್ಟಿತ್ತು.

ಡಾಕ್ಟ್ರನ್ನ ಒಬ್ಳೇ ಹೋಗಿ ಕೇಳ್ದೆ. ಹಾರ್ಟ್ ಅಟ್ಯಾಕ್ ಆದವ್ರಲ್ಲಿ ಹೆಚ್ಚುಕಮ್ಮಿ 5ರಲ್ಲಿ ಒಬ್ಬರಿಗೆ ಡಿಪ್ರೆಷನ್ ಬರುತ್ತಂತೆ, ಸಿಟ್ಟು, ಅಳು, ನಿದ್ದೆಗೆಡೋದು ಎಲ್ಲಾ ಅದರದ್ದೇ ಅಂತೆ, ಹಾಗೇ ಬಿಟ್ರೆ ಮಾತ್ರೆ ತಪ್ಪುತ್ತೆ, ವಾಕಿಂಗ್ ನಿಲ್ಲುತ್ತೆ, ಕೊನೆಗೆ ಹೃದಯಕ್ಕೇ ಕುತ್ತು. ಕೌನ್ಸೆಲಿಂಗ್ ಕೊಡ್ಸಿ ಅಂದ್ರು. ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡ್ಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಇವರಿಗೆ ಹೇಳಿದ್ರೆ "ನಂಗೇನ್ ಹುಚ್ಚಾ" ಅಂತ ರೇಗಿದ್ರು. ನಿಜ ಹೇಳ್ಲಾ, ನಂಗೂ ನಿದ್ದೆ ಇಲ್ಲ, ಅವರು ಉಸಿರಾಡ್ತಿದಾರಾ ಅಂತ ಎದ್ದೆದ್ದು ನೋಡ್ತೀನಿ, ಆ ನಂಬರಿಗೆ ನಾನೇ ಮೊದಲು ಮಾತಾಡ್ತೀನಿ ಅಂದ್ಕೊಂಡಿದೀನಿ.

ನಿನ್ನ ಹತ್ರ ಕೇಳೋದು ಇಷ್ಟೇ. ಫೋನ್ ಎತ್ತಿದ ತಕ್ಷಣ "ಬಿಪಿ ಎಷ್ಟು, ಟೆನ್ಷನ್ ಮಾಡ್ಕೋಬೇಡಿ" ಅನ್ನೋದು ಬಿಡು. ಎದೆನೋವು ಅಂದ್ರೆ ಮಾತ್ರ ಗ್ಯಾಸ್ ಅಂತ ತಳ್ಳಿಹಾಕೋ ಹಾಗಿಲ್ಲ, ಅದು ಬೇರೆ. ಆದ್ರೆ ಅಪ್ಪಂಗೆ ಟೆನ್ಷನ್ ಆಗುತ್ತೆ ಅಂತ ನೀನು ಸೈಟ್ ತಗೊಳ್ಳೋ ವಿಷ್ಯನೇ ಮುಚ್ಚಿಟ್ಟಿದೀಯಲ್ಲ, ಅದು ಅವರಿಗೆ ಗೊತ್ತಾಗಿದೆ ಪುಟ್ಟಿ, "ನನ್ನನ್ನ ಈಗ ಯಾರೂ ಏನೂ ಕೇಳಲ್ಲ" ಅಂದ್ರು. ಸೈಟಿನ ಖಾತೆ, ಇಸಿ (ಋಣಭಾರ ಪತ್ರ) ಎಲ್ಲಾ ಅವರಿಗೆ ವಾಟ್ಸಾಪ್ ಮಾಡು, ನೋಡಿ ಹೇಳಿ ಅಪ್ಪ ಅನ್ನು. ಮುಂದಿನ ಶನಿವಾರ ಚೆಕಪ್ ಇದೆ, ರಜೆ ಸಿಕ್ಕಿದ್ರೆ ಬಾ, ಕೌನ್ಸೆಲಿಂಗ್ ಮಾತು ನೀನು ಎತ್ತಿದ್ರೆ ಕೇಳ್ತಾರೆ.

ಅಮ್ಮ