ಸ್ವಿಚ್ ಕೂರಿಸಿದವರು ಕನ್ಸೋಲ್ ದಾರಿಯನ್ನೂ ಒಪ್ಪಿಸಿ ಹೋಗಲಿ

ಮಾನ್ಯ ಸಂಪಾದಕರೇ,

ಜೂನ್ ಬಂತೆಂದರೆ ಕೊಡಗಿನಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು, ಯುಪಿಎಸ್ ಬ್ಯಾಟರಿ ಮುಗಿಯುವುದು ಹೊಸದೇನಲ್ಲ. ಕರೆಂಟ್ ಮರಳಿದ ಮೇಲೂ ಸಹಕಾರ ಸಂಘದ, ಶಾಲೆಯ, ಆಸ್ಪತ್ರೆಯ ಕಂಪ್ಯೂಟರುಗಳು ನೆಟ್‌ವರ್ಕಿಗೆ ಸೇರದಿದ್ದರೆ, ಅವನ್ನೆಲ್ಲ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯಾದ ‘ಸ್ವಿಚ್ ಸುಟ್ಟಿದೆ’ ಎಂದು ತೀರ್ಮಾನಿಸಿಬಿಡುತ್ತೇವೆ. ಬಹಳ ಸಲ ಸುಟ್ಟಿರುವುದಿಲ್ಲ. ಕೂರಿಸಿದವರು ಸೆಟ್ಟಿಂಗ್ ಉಳಿಸದೆ ಹೋಗಿರುತ್ತಾರೆ, ಇಲ್ಲವೇ ಉಳಿಸಿದ್ದರೂ ಅದರೊಳಗೆ ಹೋಗುವ ದಾರಿಯನ್ನು ಸ್ಥಳೀಯರಿಗೆ ತೋರಿಸಿರುವುದಿಲ್ಲ. ಮೈಸೂರಿನಿಂದ ಜನ ಬರಬೇಕೆಂದರೆ ಮಡಿಕೇರಿಗೇ ಸುಮಾರು 120 ಕಿಲೋಮೀಟರ್. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಮುಚ್ಚಿದ್ದನ್ನು ಕಂಡ ಜಿಲ್ಲೆ ಇದು. ಇಲ್ಲಿಯ ಸ್ವಿಚ್ಚನ್ನು ಇಲ್ಲಿಯವರೇ ತೆರೆದು ನೋಡುವಂತಿರಬೇಕು. ಅದಕ್ಕೆ ಬೇಕಾಗುವುದು ಒಂದು ಕೇಬಲ್, ಹತ್ತು ಹದಿನೈದು ಕಮಾಂಡ್, ಅರ್ಧ ಗಂಟೆ.

ಈ ಮಾತು ಮ್ಯಾನೇಜ್ಡ್ ಸ್ವಿಚ್ಚಿಗೆ, ಅಂದರೆ ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್ಚಿಗೆ ಮಾತ್ರ. ಐದು ಪೋರ್ಟಿನ ಸಣ್ಣ ಡಬ್ಬಿಗಳಿಗೆ ಸಾಮಾನ್ಯವಾಗಿ ಸೆಟ್ಟಿಂಗೇ ಇರುವುದಿಲ್ಲ. ಸಿಸ್ಕೋ ಕ್ಯಾಟಲಿಸ್ಟ್ ಮಾದರಿಯನ್ನು ಇಟ್ಟುಕೊಂಡು ಬರೆಯುತ್ತಿದ್ದೇವೆ. ಬೇರೆ ಕಂಪೆನಿಗಳಲ್ಲಿ ಪದಗಳು ಬದಲಾದರೂ ಕ್ರಮ ಬಹುಮಟ್ಟಿಗೆ ಇದೇ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಮಾಡಬೇಕು.

ಮೊದಲು ಕೇಬಲ್. ಹಲವು ಸ್ವಿಚ್ಚುಗಳ ಪೆಟ್ಟಿಗೆಯಲ್ಲಿ ಬರುವ ತೆಳು ನೀಲಿ ಬಣ್ಣದ ಚಪ್ಪಟೆ ಕೇಬಲನ್ನು ಯಾರೂ ಗುರುತಿಸುವುದಿಲ್ಲ, ರಟ್ಟಿನ ಜೊತೆ ಗುಜರಿಗೆ ಹೋಗುತ್ತದೆ. ಅದೇ ಕನ್ಸೋಲ್ ಕೇಬಲ್, ನೆಟ್‌ವರ್ಕ್ ಇಲ್ಲದೆಯೂ ಲ್ಯಾಪ್‌ಟಾಪಿನಿಂದ ನೇರವಾಗಿ ಸ್ವಿಚ್ಚಿನ ಸೆಟ್ಟಿಂಗಿಗೆ ಹೋಗುವ ದಾರಿ. ಅದರ ತುದಿ ಸಾಮಾನ್ಯ ಲ್ಯಾನ್ ಕೇಬಲಿನಂತೆಯೇ ಕಾಣುತ್ತದೆ, ಆದರೆ ಒಳಗಿನ ತಂತಿಗಳು ತಲೆಕೆಳಗು: ಒಂದು ಕಡೆಯ 1ನೇ ಪಿನ್ ಇನ್ನೊಂದು ಕಡೆ 8ಕ್ಕೆ, 2ನೆಯದು 7ಕ್ಕೆ. ಆದ್ದರಿಂದ ಕನ್ಸೋಲ್ ಪೋರ್ಟಿಗೆ ಲ್ಯಾನ್ ಕೇಬಲ್ ಚುಚ್ಚಿ ಕಾದರೆ ಏನೂ ಬರದು. ಈಗಿನ ಲ್ಯಾಪ್‌ಟಾಪುಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲವಾದ್ದರಿಂದ ಯುಎಸ್‌ಬಿ ಕಡೆಯ ಕೇಬಲ್ ಬೇಕು. ಅದರ ಡ್ರೈವರನ್ನು ಮೊದಲೇ ಹಾಕಿಟ್ಟುಕೊಳ್ಳಿ. ನೆಟ್ ಸತ್ತ ದಿನ ಡ್ರೈವರ್ ಡೌನ್‌ಲೋಡ್ ಮಾಡಲು ನೆಟ್ ಇರುವುದಿಲ್ಲ.

ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಕಾಮ್ ಪೋರ್ಟಿನ ಸಂಖ್ಯೆ ನೋಡಿ, ಪುಟಿ ತಂತ್ರಾಂಶದಲ್ಲಿ ಸೀರಿಯಲ್ ಆರಿಸಿ: ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ. ತೆರೆ ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ, ಎಂಟರ್ ಒತ್ತಬೇಕು. ಅರ್ಥವಿಲ್ಲದ ಚಿಹ್ನೆಗಳು ಸುರಿದರೆ ವೇಗ ಹೊಂದಿಲ್ಲ ಎಂದರ್ಥ. 115200 ಇಟ್ಟು ನೋಡಿ, ಕೆಲವು ಮಾದರಿಗಳು ಅದರಲ್ಲೇ ಬರುತ್ತವೆ. ಅಕ್ಷರ ಸರಿಯಾಗಿ ಬರುತ್ತಿದೆ, ಆದರೆ ನೀವು ಟೈಪ್ ಮಾಡಿದ್ದು ಹೋಗುತ್ತಿಲ್ಲ ಎಂದಾದರೆ ಫ್ಲೋ ಕಂಟ್ರೋಲ್ ಆನ್ ಆಗಿದೆ. ಲಿನಕ್ಸಿನ ಮಿನಿಕಾಮ್ ಬಳಸುವವರಿಗೆ ಈ ತೊಂದರೆ ಹೆಚ್ಚು, ಅಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲನ್ನು ನಾವೇ ಆಫ್ ಮಾಡಬೇಕು. ಇನ್ನು ನಮ್ಮ ಮಳೆಗಾಲದ ತೇವದಲ್ಲಿ ಅಗ್ಗದ ಕನೆಕ್ಟರುಗಳ ಪಿನ್ನಿಗೆ ಕಿಲುಬು ಹಿಡಿಯುತ್ತದೆ. ಕೇಬಲನ್ನು ಜಿಪ್ ಚೀಲದಲ್ಲಿಟ್ಟು ರ‍್ಯಾಕಿನೊಳಗೇ ಕಟ್ಟಿಡುವುದು ಒಳ್ಳೆಯದು.

ಒಳಗೆ ಹೋದ ಮೇಲೆ ‘ಎನೇಬಲ್’, ಆಮೇಲೆ ‘ಕಾನ್ಫಿಗರ್ ಟರ್ಮಿನಲ್’. ಮೊದಲು ಬಳಕೆದಾರರ ಹೆಸರು ಮಾಡಿ: ‘ಯೂಸರ್‌ನೇಮ್’ ಪದ, ನಿಮ್ಮ ಹೆಸರು, ‘ಪ್ರಿವಿಲೇಜ್ 15 ಸೀಕ್ರೆಟ್’, ಕೊನೆಗೆ ಗುಪ್ತಪದ. ಈ ಕ್ರಮ ತಪ್ಪಿಸಬಾರದು. ಹೆಸರೇ ಮಾಡದೆ, ಮುಂದೆ ಹೇಳುವ ಲೈನಿನಲ್ಲಿ ‘ಲಾಗಿನ್ ಲೋಕಲ್’ (ಸ್ವಿಚ್ಚಿನಲ್ಲೇ ಮಾಡಿಟ್ಟ ಹೆಸರು, ಗುಪ್ತಪದ ಕೇಳು ಎಂಬ ಆದೇಶ) ಕೊಟ್ಟು ಹೊರಬಂದರೆ ನಿಮ್ಮ ಬಾಗಿಲನ್ನು ನೀವೇ ಹೊರಗಿನಿಂದ ಮುಚ್ಚಿಕೊಂಡಂತೆ. ಹಾಗಾದರೆ ಸ್ವಿಚ್ ಮುಂಭಾಗದ ಮೋಡ್ ಬಟನ್ ಒತ್ತಿ ಹಿಡಿದು ಕರೆಂಟ್ ಕೊಡುವ ಗುಪ್ತಪದ ಬಿಡಿಸುವ ವಿಧಾನವೇ ಗತಿ, ಅಷ್ಟು ಹೊತ್ತು ಕಚೇರಿಯ ಕೆಲಸ ಬಂದ್.

ಈಗ ‘ಲೈನ್ ಕನ್ಸೋಲ್ 0’. ಲೈನ್ ಎಂದರೆ ಸ್ವಿಚ್ಚಿನ ಒಳಗೆ ಹೋಗುವ ಒಂದೊಂದು ದಾರಿ. ಇದರಲ್ಲಿ ‘ಲಾಗಿನ್ ಲೋಕಲ್’, ‘ಲಾಗಿಂಗ್ ಸಿಂಕ್ರೊನಸ್’, ‘ಎಕ್ಸೆಕ್-ಟೈಮ್‌ಔಟ್ 10 0’ ಈ ಮೂರು ಬೇಕು. ಎರಡನೆಯದು ಇಲ್ಲದಿದ್ದರೆ ನೀವು ಕಮಾಂಡ್ ಅರ್ಧ ಟೈಪ್ ಮಾಡುವಾಗ ಯಾವುದೋ ಪೋರ್ಟ್ ಆನ್ ಆದ ಸಂದೇಶ ಮಧ್ಯೆ ನುಗ್ಗುತ್ತದೆ, ಬರೆದದ್ದು ಎಲ್ಲಿಗೆ ಬಂತೆಂದೇ ತಿಳಿಯುವುದಿಲ್ಲ. ಅದಿದ್ದರೆ ಸಂದೇಶ ಮುಗಿದ ಮೇಲೆ ನಿಮ್ಮ ಸಾಲನ್ನು ಸ್ವಿಚ್ ಹೊಸದಾಗಿ ತೋರಿಸುತ್ತದೆ.

ಟೈಮ್‌ಔಟ್ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಡಾಖಂಡಿತ. ಮೊದಲ ಸಂಖ್ಯೆ ನಿಮಿಷ, ಎರಡನೆಯದು ಸೆಕೆಂಡ್. ಕಂಪೆನಿ ಕೊಡುವುದೇ ಹತ್ತು ನಿಮಿಷ. ಪದೇ ಪದೇ ಲಾಗಿನ್ ಆಗುವ ಕಿರಿಕಿರಿ ತಪ್ಪಿಸಲು ಕೆಲಸದವರು ‘0 0’ ಹಾಕುತ್ತಾರೆ, ಅಂದರೆ ಎಂದೂ ಮುಚ್ಚಬೇಡ ಎಂದು. ಹೋಗುವಾಗ ಅದನ್ನು ತೆಗೆಯುವುದಿಲ್ಲ. ಕನ್ಸೋಲ್ ಕೇಬಲ್ ಕಿತ್ತ ಮಾತ್ರಕ್ಕೆ ಲಾಗೌಟ್ ಆಗುವುದಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆರು ತಿಂಗಳ ನಂತರ ಯಾರೇ ಬಂದು ಕೇಬಲ್ ಚುಚ್ಚಿ ಎಂಟರ್ ಒತ್ತಿದರೂ, ನಡುವೆ ಸ್ವಿಚ್ ಆಫ್ ಆಗಿರದಿದ್ದರೆ, ಗುಪ್ತಪದ ಕೇಳದೆ ಪೂರ್ಣ ಅಧಿಕಾರದ ತೆರೆಯೇ ಸಿಗುತ್ತದೆ. ವರಾಂಡದ ಗೋಡೆಯಲ್ಲಿ ಬೀಗವಿಲ್ಲದ ರ‍್ಯಾಕ್ ಇರುವ ಶಾಲೆಯಲ್ಲಿ ಇದು ಸಣ್ಣ ವಿಷಯವಲ್ಲ.

ವೇಗವನ್ನು 9600ರಿಂದ ಏರಿಸುವ ಆಸೆಯೂ ಬೇಡ. ‘ಸ್ಪೀಡ್ 115200’ ಎಂದು ಕೊಟ್ಟ ಕ್ಷಣವೇ ತೆರೆ ಕೆಡುತ್ತದೆ, ಪುಟಿಯಲ್ಲೂ ವೇಗ ಬದಲಿಸಿಯೇ ಮುಂದುವರಿಯಬೇಕು. ಮುಂದೆ ಬರುವವರು 9600ರಲ್ಲಿ ಕೂತು ತಲೆ ಕೆಡಿಸಿಕೊಳ್ಳುತ್ತಾರೆ. ಬದಲಿಸಲೇಬೇಕಾದರೆ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿ.

ಕಮಾಂಡ್ ತಪ್ಪಾಗಿ ಟೈಪ್ ಆದರೆ ಸ್ವಿಚ್ ಅದನ್ನು ಇನ್ನೊಂದು ಯಂತ್ರದ ಹೆಸರೆಂದು ತಿಳಿದು ಹುಡುಕಲು ಹೊರಡುತ್ತದೆ, ತೆರೆ ಅಷ್ಟು ಹೊತ್ತು ಕಲ್ಲಿನಂತೆ ನಿಲ್ಲುತ್ತದೆ. ‘ನೋ ಐಪಿ ಡೊಮೈನ್-ಲುಕಪ್’ ಕೊಟ್ಟರೆ ಈ ಕಾಟ ತಪ್ಪುತ್ತದೆ. ಸಿಕ್ಕಿಕೊಂಡಾಗ ಕಂಟ್ರೋಲ್, ಶಿಫ್ಟ್, 6 ಮೂರನ್ನೂ ಒಟ್ಟಿಗೆ ಒತ್ತಿದರೆ ಬಿಡಿಸಿಕೊಳ್ಳಬಹುದು.

ನೆಟ್‌ವರ್ಕ್ ಮೂಲಕ ದೂರದಿಂದ ಬರುವ ದಾರಿಗಳು ವಿಟಿವೈ ಲೈನುಗಳು. ಕ್ಯಾಟಲಿಸ್ಟಿನಲ್ಲಿ ಸಾಮಾನ್ಯವಾಗಿ 0ರಿಂದ 15ರವರೆಗೆ ಹದಿನಾರು. ಸಂರಚನೆಯಲ್ಲಿ ಅವು ‘0 4’, ‘5 15’ ಎಂದು ಎರಡು ತುಂಡಾಗಿ ಕಾಣುವುದರಿಂದ ಬಹಳ ಮಂದಿ ಮೊದಲ ಐದಕ್ಕೆ ಮಾತ್ರ ಭದ್ರತೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ ಐದೂ ಬಳಕೆಯಲ್ಲಿದ್ದಾಗ ಆರನೆಯವರು ಉಳಿದ ಲೈನಿಗೆ ಹೋಗಿ ಬೀಳುತ್ತಾರೆ, ಅಲ್ಲಿ ಹಳೆಯ ಸೆಟ್ಟಿಂಗೇ ಇರುತ್ತದೆ. ‘ಲೈನ್ ವಿಟಿವೈ 0 15’ ಎಂದು ಒಂದೇ ಸಲಕ್ಕೆ ಹಿಡಿದು ‘ಲಾಗಿನ್ ಲೋಕಲ್’, ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’ ಕೊಡಬೇಕು. ಎಸ್‌ಎಸ್‌ಎಚ್ ಎಂದರೆ ಮಾತನ್ನೆಲ್ಲ ಗೂಢಲಿಪಿಯಲ್ಲಿ ಕಳಿಸುವ ದೂರದ ಲಾಗಿನ್; ಹಳೆಯ ವಿಧಾನವಾದ ಟೆಲ್‌ನೆಟ್‌ನಲ್ಲಿ ಗುಪ್ತಪದ ಸಹ ಬಯಲಾಗಿಯೇ ಹರಿಯುತ್ತದೆ, ಅದನ್ನು ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ. ಎಸ್‌ಎಸ್‌ಎಚ್ ನಡೆಯಬೇಕಾದರೆ ಸ್ವಿಚ್ಚಿಗೆ ಹೆಸರು, ಡೊಮೈನ್ ಹೆಸರು ಕೊಟ್ಟು ‘ಕ್ರಿಪ್ಟೊ ಕೀ ಜನರೇಟ್ ಆರ್‌ಎಸ್‌ಎ’ ಓಡಿಸಿ. ಕೀಲಿಯ ಅಳತೆ ಎಷ್ಟು ಬಿಟ್ ಎಂದು ಕೇಳಿದಾಗ ಸುಮ್ಮನೆ ಎಂಟರ್ ಒತ್ತಬೇಡಿ. ಹಳೆಯ ತಂತ್ರಾಂಶಗಳಲ್ಲಿ ಅದು 512 ತೆಗೆದುಕೊಳ್ಳುತ್ತದೆ, ಎಸ್‌ಎಸ್‌ಎಚ್ ಎರಡನೇ ಆವೃತ್ತಿಗೆ ಕನಿಷ್ಠ 768 ಬೇಕು. 2048 ಎಂದೇ ಕೊಡಿ. ನಂತರ ‘ಐಪಿ ಎಸ್‌ಎಸ್‌ಎಚ್ ವರ್ಷನ್ 2’.

ಕೊಡಗಿನಲ್ಲಿ ವಿಶೇಷವಾಗಿ ಕಾಡುವುದು ಇನ್ನೊಂದಿದೆ. ದೂರದಿಂದ ಲಾಗಿನ್ ಆಗಿರುವಾಗ ಮಧ್ಯದ ಫೈಬರ್ ತುಂಡಾದರೆ, ಆ ಕಡೆಯ ಕರೆಂಟ್ ಹೋದರೆ, ಸ್ವಿಚ್ಚಿಗೆ ಅದು ಗೊತ್ತಾಗುವುದಿಲ್ಲ; ಆ ಲೈನ್ ಇನ್ನೂ ಬಳಕೆಯಲ್ಲಿದೆ ಎಂದೇ ಹಿಡಿದಿಟ್ಟುಕೊಳ್ಳುತ್ತದೆ. ವಿಟಿವೈಗೂ ‘0 0’ ಹಾಕಿದ್ದರೆ ಇಂಥ ಸತ್ತ ಸಂಪರ್ಕಗಳು ಒಂದೊಂದಾಗಿ ಸೇರಿ ಹದಿನಾರೂ ತುಂಬಿ, ನಿಜವಾಗಿ ಬೇಕಾದ ದಿನ ಯಾರಿಗೂ ಪ್ರವೇಶ ಸಿಗದು. ಟೈಮ್‌ಔಟ್ ಹತ್ತು ನಿಮಿಷ ಇಟ್ಟು, ‘ಸರ್ವಿಸ್ ಟಿಸಿಪಿ-ಕೀಪಲೈವ್ಸ್-ಇನ್’ ಸೇರಿಸಿದರೆ ಅವು ತಾವಾಗಿಯೇ ಬಿಡುಗಡೆಯಾಗುತ್ತವೆ. ಈಗಾಗಲೇ ತುಂಬಿದ್ದರೆ ಕನ್ಸೋಲಿನಿಂದ ‘ಶೋ ಯೂಸರ್ಸ್’ ನೋಡಿ ‘ಕ್ಲಿಯರ್ ಲೈನ್’ ಕೊಡಿ.

ದೂರದಲ್ಲಿ ಕುಳಿತು ಈ ಲೈನುಗಳನ್ನೇ ಬದಲಿಸುವವರು ಮೊದಲು ‘ರಿಲೋಡ್ ಇನ್ 10’ ಕೊಡಬೇಕು. ಬದಲಾವಣೆ ಉಳಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ತಪ್ಪಾಗಿ ನೀವೇ ಹೊರಗುಳಿದರೂ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಮತ್ತೆ ಶುರುವಾಗಿ ಹಳೆಯ ಸ್ಥಿತಿಗೆ ಬರುತ್ತದೆ. ಎಲ್ಲ ಸರಿಯಾದರೆ ‘ರಿಲೋಡ್ ಕ್ಯಾನ್ಸಲ್’ ಮರೆಯಬಾರದು, ಮರೆತರೆ ಬ್ಯಾಂಕ್ ವ್ಯವಹಾರದ ನಡುವೆ ನೆಟ್ ಹೋಗುತ್ತದೆ.

ಉಳಿಸುವ ಮಾತಿಗೆ ಬರೋಣ. ಟೈಪ್ ಮಾಡಿದ್ದೆಲ್ಲ ತಕ್ಷಣ ಜಾರಿಯಾಗುತ್ತದೆ, ಆದರೆ ಅದಿರುವುದು ಕರೆಂಟ್ ಹೋದರೆ ಅಳಿಯುವ ಮೆಮರಿಯಲ್ಲಿ. ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಕೊಟ್ಟಾಗಲೇ ಅದು ಶಾಶ್ವತ. ಉಳಿಸದೆ ಆಫ್ ಆದ ಸ್ವಿಚ್ಚಿನ ಮೋಸ ಏನೆಂದರೆ, ವಿಎಲ್ಯಾನ್‌ಗಳ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲಗಳ) ಹೆಸರು ಬೇರೆ ಕಡತದಲ್ಲಿರುವುದರಿಂದ ಉಳಿದಿರಬಹುದು, ಯಾವ ಪೋರ್ಟ್ ಯಾವ ವಿಎಲ್ಯಾನಿಗೆ ಎಂಬುದು ಮಾತ್ರ ಹೋಗಿರುತ್ತದೆ. ಎಲ್ಲ ಪೋರ್ಟೂ 1ನೇ ವಿಎಲ್ಯಾನಿಗೆ ಮರಳಿ ದೀಪಗಳೆಲ್ಲ ಹಸಿರಾಗಿ ಉರಿಯುತ್ತವೆ, ಕೆಲಸ ಮಾತ್ರ ನಡೆಯದು.

ಜೊತೆಗೆ ಒಂದು ಪ್ರತಿ ಕಂಪ್ಯೂಟರಿನಲ್ಲೂ ಇರಲಿ. ಪುಟಿಯ ಲಾಗಿಂಗ್ ಪುಟದಲ್ಲಿ ಎಲ್ಲ ಔಟ್‌ಪುಟ್ ಉಳಿಸುವ ಆಯ್ಕೆ ಒತ್ತಿ, ಸ್ವಿಚ್ಚಿನಲ್ಲಿ ‘ಟರ್ಮಿನಲ್ ಲೆಂಗ್ತ್ 0’ ಎಂದು ಕೊಟ್ಟ ನಂತರ ‘ಶೋ ರನ್ನಿಂಗ್-ಕಾನ್ಫಿಗ್’. ಲೆಂಗ್ತ್ ಕೊಡದಿದ್ದರೆ 24 ಸಾಲಿಗೊಮ್ಮೆ ನಿಂತು ‘ಮೋರ್’ ಎನ್ನುತ್ತದೆ, ಆ ಪದಗಳೂ ಕಡತದಲ್ಲಿ ಸೇರಿ ಮುಂದೆ ಅಂಟಿಸುವಾಗ ತೊಂದರೆ. ಈ ‘ಟರ್ಮಿನಲ್’ ಕಮಾಂಡುಗಳು ಆ ಸಂಪರ್ಕ ಇರುವಷ್ಟು ಹೊತ್ತು ಮಾತ್ರ, ಹಾಗಿರುವುದೇ ಸರಿ. 9600ರಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರ ಬರುತ್ತದೆ, ದೊಡ್ಡ ಕಡತಕ್ಕೆ ಅರ್ಧ ನಿಮಿಷ ಕಾಯಬೇಕಾದೀತು. ಎಸ್‌ಎಸ್‌ಎಚ್‌ನಲ್ಲಿರುವಾಗ ಸಂದೇಶಗಳು ಕಾಣಬೇಕಿದ್ದರೆ ‘ಟರ್ಮಿನಲ್ ಮಾನಿಟರ್’ ಕೊಡಬೇಕು, ತಾನಾಗಿ ಬರುವುದು ಕನ್ಸೋಲಿನಲ್ಲಿ ಮಾತ್ರ.

ಗಡಿಯಾರದ ಬಗ್ಗೆ ಒಂದೇ ಮಾತು. ಕ್ಯಾಟಲಿಸ್ಟ್ 2960ರಂಥ ಸ್ವಿಚ್ಚುಗಳು ಕರೆಂಟ್ ಹೋಗಿ ಬಂದರೆ 1993ರ ಮಾರ್ಚ್ 1ಕ್ಕೆ ಹಿಂದಿರುಗುತ್ತವೆ. ಸಂದೇಶಗಳ ದಾಖಲೆಯ ಪ್ರತಿ ಸಾಲೂ ಮಾರ್ಚ್ 1 ಎಂದು ಶುರುವಾದರೆ ಪೋರ್ಟ್ ಬಿದ್ದದ್ದು ಇವತ್ತೋ ಮೊನ್ನೆಯೋ ತಿಳಿಯದು. ‘ಕ್ಲಾಕ್ ಟೈಮ್‌ಜೋನ್ ಐಎಸ್‌ಟಿ 5 30’ ಮತ್ತು ನೆಟ್‌ವರ್ಕಿನಿಂದ ಸರಿಯಾದ ಸಮಯ ತರುವ ಒಂದು ‘ಎನ್‌ಟಿಪಿ ಸರ್ವರ್’ ಸಾಲು ಇದಕ್ಕೆ ಪರಿಹಾರ.

ಆದ್ದರಿಂದ ಸಂಘ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ: ಹೊಸ ಸ್ವಿಚ್ಚಿನ ಬಿಲ್ಲಿಗೆ ಸಹಿ ಹಾಕುವ ಮುನ್ನ ಕನ್ಸೋಲ್ ಕೇಬಲ್, ಮುಚ್ಚಿದ ಲಕೋಟೆಯಲ್ಲಿ ಗುಪ್ತಪದ, ಸೆಟ್ಟಿಂಗಿನ ಪ್ರತಿ ಕೇಳಿ ಪಡೆಯಿರಿ. ಕೂರಿಸಿದವರ ಎದುರಲ್ಲೇ ಸ್ವಿಚ್ಚಿನ ಪ್ಲಗ್ ಕಿತ್ತು ಮತ್ತೆ ಹಾಕಿಸಿ, ಐದಾರು ನಿಮಿಷ ಕಾದು, ಪ್ರತಿ ಕೋಣೆಯ ಕಂಪ್ಯೂಟರ್ ನೆಟ್‌ವರ್ಕಿಗೆ ಬಂತೇ ನೋಡಿ. ಕುಶಾಲನಗರ, ಪೊನ್ನಂಪೇಟೆಯ ತಾಂತ್ರಿಕ ಕಾಲೇಜುಗಳ ಅಧ್ಯಾಪಕರು ಕನ್ಸೋಲ್ ಕೇಬಲ್ ಹಿಡಿದು ಮಾಡುವ ಅಭ್ಯಾಸಕ್ಕೆ ಲ್ಯಾಬಿನಲ್ಲಿ ಇನ್ನಷ್ಟು ಸಮಯ ಕೊಟ್ಟರೆ, ಮಳೆಯಲ್ಲಿ ಊರಿನ ಹುಡುಗ ಹುಡುಗಿಯರೇ ಈ ಕೆಲಸಕ್ಕೆ ಸಿಗುತ್ತಾರೆ. ಪ್ಲಗ್ ಕಿತ್ತು ನೋಡುವ ಈ ವರ್ಷದ ಪರೀಕ್ಷೆಯನ್ನು ಆಡಳಿತ ಮಂಡಳಿಗಳು ಮೇ ತಿಂಗಳೊಳಗೆ ಮುಗಿಸಿಕೊಳ್ಳಲಿ.

— ನೆಟ್‌ವರ್ಕ್ ಕೆಲಸದಲ್ಲಿರುವ ಓದುಗರು, ಮಡಿಕೇರಿ